ತೀರ್ಪನ್ನೇ ತೆರೆದು ಓದಿ: ಮರಣದಂಡನೆಯ ಮೇಲೊಂದು ಕಾಲೇಜು ಪ್ರಬಂಧ

ಕೇಳುಗರಿಗೆ ನಮಸ್ಕಾರ.

ಕಾಲೇಜಿನ ಇಂಗ್ಲಿಷ್ ತರಗತಿಯಲ್ಲಿ ಒಂದು ಸಂಶೋಧನಾ ಪ್ರಬಂಧ ಬರೆದು ತನ್ನಿ ಅಂದ ಕೂಡಲೇ ವಿದ್ಯಾರ್ಥಿಗಳು ಕೈಹಾಕುವ ವಿಷಯಗಳಲ್ಲಿ ಮರಣದಂಡನೆಯೂ ಒಂದು. ಅಮೆರಿಕದ ಕಾಲೇಜುಗಳಲ್ಲಂತೂ ಮೊದಲ ವರ್ಷದ ಬರವಣಿಗೆಯ ತರಗತಿಯಲ್ಲಿ ಇದು ಎಷ್ಟು ಬಳಕೆಯಾಗಿದೆ ಎಂದರೆ, ಕೆಲವು ಅಧ್ಯಾಪಕರು ವಿಷಯದ ಪಟ್ಟಿ ಕೊಡುವಾಗಲೇ ‘ಇದೊಂದು ಬೇಡ’ ಎಂದುಬಿಡುತ್ತಾರೆ. ಅವರ ಬೇಸರ ಅರ್ಥವಾಗುವಂಥದ್ದೇ. ಕಣ್ಣಿಗೆ ಕಣ್ಣು ಎಂದು ಶುರುಮಾಡಿ, ಪರವಾಗಿ ಮೂರು ಪ್ಯಾರಾ, ವಿರುದ್ಧವಾಗಿ ಮೂರು ಪ್ಯಾರಾ ಬರೆದು, ಕೊನೆಗೆ ‘ಇದನ್ನು ಸಮಾಜವೇ ತೀರ್ಮಾನಿಸಬೇಕು’ ಎಂದು ಕೈತೊಳೆದುಕೊಳ್ಳುವ ಪ್ರಬಂಧಗಳನ್ನು ವರ್ಷ ವರ್ಷವೂ ತಿದ್ದುವುದು ಯಾರಿಗೆ ತಾನೇ ಇಷ್ಟ? ಆದರೂ ವಿಷಯವನ್ನೇ ದೂರ ಇಡುವುದನ್ನು ನಾನು ಒಪ್ಪುವುದಿಲ್ಲ. ಸರ್ಕಾರವೊಂದು ತನ್ನ ವಶದಲ್ಲಿರುವ, ಕೈಕಾಲು ಕಟ್ಟಿದ ಮನುಷ್ಯನ ಪ್ರಾಣ ತೆಗೆಯಬಹುದೇ ಎನ್ನುವುದನ್ನು ಹದಿನೆಂಟು ಹತ್ತೊಂಬತ್ತರ ವಯಸ್ಸಿನಲ್ಲಿ ಯೋಚಿಸದಿದ್ದರೆ ಇನ್ನು ಯಾವಾಗ ಯೋಚಿಸುವುದು? ಆ ವಯಸ್ಸಿನವರು ಓಟು ಹಾಕುತ್ತಾರೆ. ಅಮೆರಿಕದಲ್ಲಾದರೆ ಜ್ಯೂರಿಯಲ್ಲಿ ಕೂತು ಇಂಥದ್ದೇ ತೀರ್ಮಾನ ಹೇಳಬೇಕಾದ ಸಂದರ್ಭವೂ ಬರಬಹುದು.

ತೊಂದರೆ ಇರುವುದು ಪ್ರಶ್ನೆಯಲ್ಲಿ. ‘ಮರಣದಂಡನೆ ಬೇಕೇ, ಬೇಡವೇ’ ಎಂಬ ಪ್ರಶ್ನೆ ಹಿಡಿದು ಲೈಬ್ರರಿಗೆ ಹೋದವರು ಉತ್ತರವನ್ನು ಮನೆಯಿಂದಲೇ ತಂದಿರುತ್ತಾರೆ. ಅಲ್ಲಿ ಹುಡುಕುವುದು ಆ ಉತ್ತರಕ್ಕೊಂದು ಆಸರೆಯನ್ನು ಮಾತ್ರ. ಅದರ ಬದಲು ಅದೇ ವಿಷಯದೊಳಗಿನ ಒಂದು ಸಣ್ಣ ಪ್ರಶ್ನೆ ಹಿಡಿಯಬೇಕು. ಗಲ್ಲಿನ ಹೆದರಿಕೆಯಿಂದ ಕೊಲೆ ಕಡಿಮೆಯಾಗುತ್ತದೆ ಎಂಬ ಮಾತು ಎಲ್ಲಿಂದ ಬಂತು? ಒಂದೇ ಬಗೆಯ ಅಪರಾಧಕ್ಕೆ ಒಬ್ಬನಿಗೆ ಜೀವಾವಧಿ, ಇನ್ನೊಬ್ಬನಿಗೆ ಸಾವು ಏಕೆ? ಇವಕ್ಕೆ ಓದಿಯೇ ಉತ್ತರ ಕಂಡುಕೊಳ್ಳಬೇಕು, ಊಹೆ ನಡೆಯುವುದಿಲ್ಲ.

ಮೊದಲನೆಯದನ್ನೇ ನೋಡೋಣ. ‘ಒಬ್ಬನನ್ನು ಗಲ್ಲಿಗೇರಿಸಿದರೆ ಎಂಟು ಜೀವ ಉಳಿಯುತ್ತವೆ’ ಎಂಬ ಮಾತು ಎಷ್ಟೋ ಪ್ರಬಂಧಗಳಲ್ಲಿ ಬರುತ್ತದೆ. ಬೇರು ಹುಡುಕುತ್ತಾ ಹೋದರೆ 1975ಕ್ಕೆ ತಲುಪುತ್ತೀರಿ. ಐಸಾಕ್ ಎರ್ಲಿಕ್ ಎಂಬ ಅರ್ಥಶಾಸ್ತ್ರಜ್ಞ ಅಮೆರಿಕನ್ ಎಕನಾಮಿಕ್ ರಿವ್ಯೂ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. 1930ರ ದಶಕದಿಂದ 1969ರವರೆಗಿನ ಇಡೀ ಅಮೆರಿಕದ ಅಂಕಿಅಂಶಗಳನ್ನು ಹಿಡಿದು, ವರ್ಷಕ್ಕೆ ಒಂದು ಮರಣದಂಡನೆ ಹೆಚ್ಚಾದರೆ ಸರಾಸರಿ ಏಳೋ ಎಂಟೋ ಕೊಲೆಗಳು ಕಡಿಮೆಯಾಗಿರಬಹುದು ಎಂದರು. ಆ ಹೊತ್ತಿಗೆ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಮರಣದಂಡನೆಯ ಅಳಿವು ಉಳಿವಿನ ಪ್ರಶ್ನೆಯೇ ಇತ್ತು. ಸರ್ಕಾರದ ಪರ ವಕೀಲರು ಈ ಅಧ್ಯಯನವನ್ನು ನ್ಯಾಯಾಲಯದ ಮುಂದಿಟ್ಟರು. ಅಲ್ಲಿಂದ ಮುಂದೆ ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ ‘ಇರಬಹುದು’ ಉದುರಿಹೋಯಿತು, ‘ಎಂಟು’ ಮಾತ್ರ ಉಳಿಯಿತು.

ಅನೇಕ ವಿದ್ಯಾರ್ಥಿಗಳು ಇಲ್ಲಿಗೇ ನಿಲ್ಲುತ್ತಾರೆ. ಇನ್ನೊಂದು ಹೆಜ್ಜೆ ಇಟ್ಟು, ಆ ಲೇಖನಕ್ಕೆ ಬಂದ ಉತ್ತರಗಳನ್ನೂ ಓದಬೇಕು. ಬೇರೆ ಸಂಶೋಧಕರು ಅದೇ ಅಂಕಿಗಳನ್ನು ಹಿಡಿದು ಮತ್ತೆ ಲೆಕ್ಕ ಹಾಕಿದರು. 1960ರ ದಶಕದ ಕೊನೆಯ ಕೆಲವು ವರ್ಷಗಳನ್ನು ತೆಗೆದಿಟ್ಟರೆ ಆ ಪರಿಣಾಮವೇ ಕಾಣಿಸುವುದಿಲ್ಲ ಎಂದು ಅವರಿಗೆ ತಿಳಿಯಿತು. ಆ ವರ್ಷಗಳಲ್ಲಿ ಮರಣದಂಡನೆಗಳು ಬಹುತೇಕ ನಿಂತುಹೋಗಿದ್ದವು. ಅದೇ ಹೊತ್ತಿಗೆ ಕೊಲೆಗಳ ಜೊತೆಗೆ ಇತರ ಅಪರಾಧಗಳೂ ಏರುತ್ತಿದ್ದವು. ಹಾಗಾದರೆ ಕೊಲೆ ಹೆಚ್ಚಿದ್ದು ಗಲ್ಲು ನಿಂತದ್ದರಿಂದಲೋ, ಅಪರಾಧವೆಲ್ಲ ಹೆಚ್ಚಲು ಕಾರಣವಾದ ಇನ್ನಾವುದರಿಂದಲೋ? 1978ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ನೇಮಿಸಿದ ತಜ್ಞರು, ಇದ್ದ ಅಧ್ಯಯನಗಳಿಂದ ಉಪಯುಕ್ತ ಪುರಾವೆ ಸಿಗುವುದಿಲ್ಲ ಎಂದರು. 2012ರಲ್ಲಿ ಅದೇ ಅಕಾಡೆಮಿಯ ಸಂಶೋಧನಾ ಮಂಡಳಿ ಮೂವತ್ತಕ್ಕೂ ಹೆಚ್ಚು ವರ್ಷಗಳ ಹೊಸ ಅಧ್ಯಯನಗಳನ್ನೆಲ್ಲ ನೋಡಿ ಇನ್ನೂ ಕಡ್ಡಿ ಮುರಿದ ಹಾಗೆ ಹೇಳಿತು: ಮರಣದಂಡನೆ ಕೊಲೆಗಳನ್ನು ಕಡಿಮೆ ಮಾಡುತ್ತದೆ ಎಂದಾಗಲಿ, ಹೆಚ್ಚು ಮಾಡುತ್ತದೆ ಎಂದಾಗಲಿ, ಏನೂ ಮಾಡುವುದಿಲ್ಲ ಎಂದಾಗಲಿ ಈ ಅಧ್ಯಯನಗಳಿಂದ ತಿಳಿಯದು, ಸರ್ಕಾರದ ನೀತಿಗೆ ಇವನ್ನು ಆಧಾರ ಮಾಡಿಕೊಳ್ಳಬಾರದು.

ಗಮನಿಸಿ, ಈ ಮಾತು ಎರಡೂ ಪಕ್ಷದವರಿಗೆ ಅನ್ವಯಿಸುತ್ತದೆ. ‘ಗಲ್ಲಿನಿಂದ ಕೊಲೆ ಕಡಿಮೆಯಾಗುವುದಿಲ್ಲವೆಂದು ವಿಜ್ಞಾನ ಸಾಬೀತುಮಾಡಿದೆ’ ಎಂದು ಬರೆಯುವವರಿಗೂ ಆ ವರದಿಯ ಬೆಂಬಲವಿಲ್ಲ.

ಇನ್ನೊಂದು ಅಂಕಿ, 4.3. ಇದು ಮರಣದಂಡನೆಯನ್ನು ವಿರೋಧಿಸುವ ಪ್ರಬಂಧಗಳಲ್ಲಿ ಬರುವಂಥದ್ದು. ಜಾರ್ಜಿಯಾ ರಾಜ್ಯದಲ್ಲಿ 1970ರ ದಶಕದಲ್ಲಿ ನಡೆದ 2,000ಕ್ಕೂ ಹೆಚ್ಚು ಕೊಲೆ ಪ್ರಕರಣಗಳನ್ನು ಡೇವಿಡ್ ಬಾಲ್ಡಸ್ ಮತ್ತು ಸಂಗಡಿಗರು ಪರಿಶೀಲಿಸಿದ್ದರು. ವಾರೆನ್ ಮೆಕ್ಲೆಸ್ಕಿ ಎಂಬ ಕಪ್ಪು ವರ್ಣೀಯ ಕೈದಿಯ ಪರವಾಗಿ ಆ ಅಧ್ಯಯನ ಸುಪ್ರೀಂ ಕೋರ್ಟಿಗೆ ಬಂತು. 1987ರಲ್ಲಿ ಐವರು ನ್ಯಾಯಮೂರ್ತಿಗಳ ಬಹುಮತ ಅದನ್ನು ತಳ್ಳಿಹಾಕಿತು, ನಾಲ್ವರು ಒಪ್ಪಲಿಲ್ಲ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಬರೆಯುವುದು ‘ಬಿಳಿಯರಿಗಿಂತ ಕಪ್ಪು ಜನರಿಗೆ ಮರಣದಂಡನೆ ಸಿಗುವ ಸಾಧ್ಯತೆ 4.3 ಪಟ್ಟು ಹೆಚ್ಚು’ ಎಂದು. ಆ ಅಧ್ಯಯನದ ಮುಖ್ಯ ಅಂಶ ಬೇರೆಯೇ. ಅದು ಕೊಂದವನ ಬಣ್ಣಕ್ಕಿಂತ ಸತ್ತವರ ಬಣ್ಣವನ್ನು ಕುರಿತದ್ದು. ಸತ್ತವರು ಬಿಳಿಯರಾಗಿದ್ದ ಪ್ರಕರಣಗಳಲ್ಲಿ ಸುಮಾರು ಶೇ. 11ರಷ್ಟು ಮಂದಿಗೆ ಮರಣದಂಡನೆ, ಸತ್ತವರು ಕಪ್ಪು ವರ್ಣೀಯರಾಗಿದ್ದಾಗ ಸುಮಾರು ಶೇ. 1ರಷ್ಟು ಮಂದಿಗೆ. ಪ್ರಕರಣಗಳ ನಡುವಿನ ಬೇರೆ ವ್ಯತ್ಯಾಸಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಉಳಿದದ್ದು 4.3.

ಅದೂ ಕೂಡ ‘ಸಾಧ್ಯತೆ’ಯ ಪಟ್ಟು ಅಲ್ಲ. ಶಿಕ್ಷೆಯಾದವರ ಸಂಖ್ಯೆಗೂ ಆಗದವರ ಸಂಖ್ಯೆಗೂ ಇರುವ ಅನುಪಾತವಿದೆಯಲ್ಲ, ಆ ಅನುಪಾತದ ಪಟ್ಟು. ನೂರರಲ್ಲಿ ಐವತ್ತು ಮಂದಿಗೆ ಮರಣದಂಡನೆಯಾಗುವಂಥ ಪ್ರಕರಣಗಳನ್ನು ತೆಗೆದುಕೊಳ್ಳಿ. ಸಾಧ್ಯತೆಯನ್ನೇ 4.3ರಿಂದ ಗುಣಿಸಿದರೆ ನೂರರಲ್ಲಿ ಇನ್ನೂರ ಹದಿನೈದು ಮಂದಿ ಎಂದಾಗುತ್ತದೆ. ಅದು ಸಾಧ್ಯವೇ ಇಲ್ಲ. ಅನುಪಾತವನ್ನು ಗುಣಿಸಿದರೆ ನೂರರಲ್ಲಿ ಸುಮಾರು ಎಂಬತ್ತೊಂದು ಬರುತ್ತದೆ. ವಿಚಿತ್ರವೆಂದರೆ ಬಹುಮತದ ತೀರ್ಪಿನಲ್ಲೇ ಈ ಎರಡೂ ಕಲಸಿಹೋಗಿ, ಸಾಧ್ಯತೆಯೇ 4.3 ಪಟ್ಟು ಎಂಬ ಅರ್ಥದ ವಾಕ್ಯ ಅಚ್ಚಾಗಿದೆ. ದೇಶದ ಅತ್ಯುನ್ನತ ನ್ಯಾಯಾಲಯದ ಪುಟದಲ್ಲಿ ಇರುವ ವಾಕ್ಯವನ್ನೂ ನಿಲ್ಲಿಸಿ ಕೇಳಬಹುದು ಎಂದು ಒಬ್ಬ ವಿದ್ಯಾರ್ಥಿಗೆ ಗೊತ್ತಾದರೆ, ಆ ವರ್ಷದ ಇಂಗ್ಲಿಷ್ ಪಾಠ ಸಾರ್ಥಕ. ಬಹುಮತದ ಆ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಲೂಯಿಸ್ ಪೊವೆಲ್. ನಿವೃತ್ತರಾದ ಮೇಲೆ ಅವರ ಜೀವನಚರಿತ್ರೆ ಬರೆಯುತ್ತಿದ್ದವರು, ಯಾವುದಾದರೂ ಪ್ರಕರಣದಲ್ಲಿ ನಿಮ್ಮ ಮತ ಬದಲಿಸುತ್ತಿದ್ದಿರಾ ಎಂದು ಕೇಳಿದಾಗ, ಹೌದು, ಮೆಕ್ಲೆಸ್ಕಿ ಪ್ರಕರಣದಲ್ಲಿ ಎಂದರು. ಆ ಮಾತು 1991ರದ್ದು. ಮೆಕ್ಲೆಸ್ಕಿಯನ್ನು ವಿದ್ಯುತ್ ಕುರ್ಚಿಯಲ್ಲಿ ಕೂರಿಸಿದ್ದೂ ಅದೇ ವರ್ಷ.

ಇನ್ನು ತೀರ್ಪುಗಳ ವಿಷಯ. ಕಾನೂನು ಓದದವರಿಗೆ ಅವು ಅರ್ಥವಾಗುವುದಿಲ್ಲ ಎಂಬ ಅಂಜಿಕೆಯನ್ನು ಬಿಡಬೇಕು. ತೀರ್ಪಿನ ಬಗ್ಗೆ ಇನ್ನೊಬ್ಬರು ಬರೆದ ಸಾರಾಂಶಕ್ಕಿಂತ ತೀರ್ಪೇ ಎಷ್ಟೋ ಸಲ ಸಲೀಸು. ಇಂಗ್ಲಿಷ್ ಗದ್ಯವಾಗಿ ಓದಿದರೂ ಅವು ಗಟ್ಟಿ ಬರಹಗಳು. 1972ರ ಫರ್ಮನ್ ಪ್ರಕರಣವನ್ನು ತೆಗೆದು ನೋಡಿ. ಆಗ ಜಾರಿಯಲ್ಲಿದ್ದ ಮರಣದಂಡನೆಯ ಕಾನೂನುಗಳನ್ನು ನ್ಯಾಯಾಲಯ ಅಂದು ಕೆಡವಿತು. 600ಕ್ಕೂ ಹೆಚ್ಚು ಕೈದಿಗಳ ತಲೆಯ ಮೇಲಿನ ಸಾವು ತಪ್ಪಿತು. ನ್ಯಾಯಾಲಯದ ಆದೇಶ ಒಂದು ಪ್ಯಾರಾ ಅಷ್ಟೇ. ಅದರ ಹಿಂದೆ ಒಂಬತ್ತು ನ್ಯಾಯಮೂರ್ತಿಗಳು ಒಂಬತ್ತು ಅಭಿಪ್ರಾಯಗಳನ್ನು ಬೇರೆ ಬೇರೆಯಾಗಿ, 200ಕ್ಕೂ ಹೆಚ್ಚು ಪುಟ ಬರೆದಿದ್ದಾರೆ. ಶಿಕ್ಷೆ ಬೇಡವೆಂದ ಐವರಲ್ಲೂ ಕಾರಣಗಳು ಒಂದೇ ಅಲ್ಲ. ಪಾಟರ್ ಸ್ಟುವರ್ಟ್ ಅವರಿಗೆ ಅದು ಸಿಡಿಲು ಬಡಿದಂತೆ ಯಾರ ಮೇಲೋ ಗೊತ್ತುಗುರಿಯಿಲ್ಲದೆ ಬೀಳುವುದೇ ಕ್ರೂರ. ವಿಲಿಯಂ ಬ್ರೆನನ್ ಅವರಿಗೆ ಶಿಕ್ಷೆಯೇ ಮನುಷ್ಯನ ಘನತೆಗೆ ವಿರುದ್ಧ. ನಾಲ್ಕು ವರ್ಷಗಳ ನಂತರ, 1976ರಲ್ಲಿ ಹೊಸ ಕಾನೂನುಗಳಿಗೆ ನ್ಯಾಯಾಲಯ ಒಪ್ಪಿಗೆ ಕೊಟ್ಟಾಗ ಸ್ಟುವರ್ಟ್ ಒಪ್ಪಿದವರ ಜೊತೆಗಿದ್ದರು, ಬ್ರೆನನ್ ಇರಲಿಲ್ಲ. ಮೊದಲ ತೀರ್ಪಿನ ಕಾರಣಗಳನ್ನು ಓದಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ.

ಎರಡೇ ಬರಹಗಳನ್ನು ಓದಲು ಪುರುಸೊತ್ತಿದ್ದರೆ ನಾನು ಸೂಚಿಸುವುದು 1994ರ ಕ್ಯಾಲಿನ್ಸ್ ಪ್ರಕರಣವನ್ನು. ಟೆಕ್ಸಸ್‌ನ ಕೈದಿಯೊಬ್ಬನ ಅರ್ಜಿಯನ್ನು ನ್ಯಾಯಾಲಯ ಕೈಗೆತ್ತಿಕೊಳ್ಳಲಿಲ್ಲ. ನ್ಯಾಯಮೂರ್ತಿ ಹ್ಯಾರಿ ಬ್ಲಾಕ್‌ಮನ್ ಒಬ್ಬರೇ ಭಿನ್ನಮತ ಬರೆದು, ಸಾವಿನ ಈ ಯಂತ್ರವನ್ನು ರಿಪೇರಿ ಮಾಡುತ್ತಾ ಕೂರುವ ಕೆಲಸ ಇಂದಿನಿಂದ ನನ್ನಿಂದಾಗದು ಎಂದರು. ಇದೇ ಬ್ಲಾಕ್‌ಮನ್ 1972ರಲ್ಲಿ, ಮರಣದಂಡನೆ ನನಗೆ ವೈಯಕ್ತಿಕವಾಗಿ ಸಹ್ಯವಲ್ಲ, ಆದರೂ ಅದನ್ನು ತೆಗೆಯಬೇಕಾದವರು ಶಾಸಕರು ಎಂದು ಅದನ್ನು ಉಳಿಸುವ ಪಕ್ಷದಲ್ಲಿ ನಿಂತಿದ್ದವರು. ಅವರಿಗೆ ಉತ್ತರ ಬರೆದವರು ನ್ಯಾಯಮೂರ್ತಿ ಆಂಟನಿನ್ ಸ್ಕಾಲಿಯಾ. ಅಷ್ಟೇನೂ ಘೋರವಲ್ಲದ ಪ್ರಕರಣ ಆರಿಸಿಕೊಂಡು ಮರುಕ ತೋರಿಸುತ್ತೀರಲ್ಲ, ನಮ್ಮ ಮುಂದೆಯೇ ಇರುವ ಇನ್ನೊಂದನ್ನು ನೋಡಿ ಎಂದು ನಾರ್ತ್ ಕ್ಯಾರೊಲೈನಾದಲ್ಲಿ ಹನ್ನೊಂದು ವರ್ಷದ ಬಾಲಕಿಯ ಮೇಲೆ ಅತ್ಯಾಚಾರವೆಸಗಿ ಕೊಂದ ಪ್ರಕರಣವನ್ನು ಎತ್ತಿ ತೋರಿಸಿದರು. ಅದರ ಮುಂದೆ ಇಂಜೆಕ್ಷನ್ನಿನ ಸಾವು ಎಷ್ಟೋ ವಾಸಿ ಎಂಬುದು ಅವರ ವಾದ. ಓದಿದರೆ ಹೊಟ್ಟೆ ಕಿವುಚುತ್ತದೆ. ಮರಣದಂಡನೆಯನ್ನು ವಿರೋಧಿಸುವವರೂ ಆ ಪುಟವನ್ನು ಓದಲೇಬೇಕು, ಆ ಮಗುವಿಗೆ ಆದದ್ದನ್ನು ಕಣ್ಣಿಂದ ಮರೆಮಾಡಬಾರದು.

ಓದಿದ ಮೇಲೆ ಆ ಪ್ರಕರಣದ ಕೈದಿ ಏನಾದ ಎಂದು ಕೂಡ ಹುಡುಕಬೇಕು. 2014ರಲ್ಲಿ, ಸುಮಾರು ಮೂವತ್ತು ವರ್ಷ ಜೈಲಿನಲ್ಲಿ ಕಳೆದ ನಂತರ, ಸ್ಥಳದಲ್ಲಿ ಸಿಕ್ಕ ಸಿಗರೇಟಿನ ತುಂಡಿನ ಡಿಎನ್‌ಎ ಇನ್ನೊಬ್ಬನದೆಂದು ತಿಳಿದು, ಆತನೂ ಆತನ ತಮ್ಮನೂ ನಿರಪರಾಧಿಗಳೆಂದು ಬಿಡುಗಡೆಯಾದರು. ಆ ಬಾಲಕಿಗೆ ಆದ ಘೋರ ಸುಳ್ಳಲ್ಲ. ಅದಕ್ಕಾಗಿ ಸಾಯಬೇಕಾಗಿದ್ದವನು ಅದನ್ನು ಮಾಡಿದವನಾಗಿರಲಿಲ್ಲ.

ಭಾರತದ ಕಡೆಯಿಂದ ಈ ವಿಷಯ ಹಿಡಿಯುವವರಿಗೂ ಇಂಥ ಜೋಡಿ ಓದು ಸಿಗುತ್ತದೆ. ಕಾನೂನು ಆಯೋಗ 1967ರ ತನ್ನ 35ನೇ ವರದಿಯಲ್ಲಿ, ಈ ದೇಶದ ವಿಸ್ತಾರ, ಜನರ ವೈವಿಧ್ಯ, ಶಿಕ್ಷಣದ ಏರುಪೇರು ಇವನ್ನೆಲ್ಲ ನೋಡಿದರೆ ಗಲ್ಲು ತೆಗೆದುಹಾಕುವ ಪ್ರಯೋಗಕ್ಕೆ ಕೈಹಾಕಲಾಗದು ಎಂದಿತು. ಅದೇ ಆಯೋಗ 2015ರ 262ನೇ ವರದಿಯಲ್ಲಿ, ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧ ಸಾರುವಂಥ ಅಪರಾಧಗಳನ್ನು ಬಿಟ್ಟು ಉಳಿದೆಲ್ಲಕ್ಕೂ ತೆಗೆದುಹಾಕಿ ಎಂದಿತು. ನಡುವೆ 1980ರ ಬಚನ್ ಸಿಂಗ್ ತೀರ್ಪು: ಐವರಲ್ಲಿ ನಾಲ್ವರು ಗಲ್ಲನ್ನು ಉಳಿಸಿ, ‘ಅಪರೂಪದಲ್ಲಿ ಅಪರೂಪ’ದ ಪ್ರಕರಣಗಳಿಗೆ ಮಾತ್ರ ಎಂಬ ಮಿತಿ ಹಾಕಿದರು. ಐದನೆಯವರಾದ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಭಿನ್ನಮತದ ತೀರ್ಪು ಹೊರಬಂದದ್ದು 1982ರಲ್ಲಿ. ಬಹುಮತದ ತೀರ್ಪನ್ನಷ್ಟೇ ಓದಿ ಪುಸ್ತಕ ಮುಚ್ಚುವವರು ಅದನ್ನು ನೋಡದೇ ಹೋಗುತ್ತಾರೆ.

ಎದುರು ಪಕ್ಷದ ವಾದವನ್ನು ಬರೆಯುವಾಗ ಅದರ ಬಡಕಲು ರೂಪವನ್ನು ಆರಿಸಿಕೊಳ್ಳಬೇಡಿ. ಶಿಕ್ಷೆಯನ್ನು ವಿರೋಧಿಸುವವರು ‘ಸೇಡು’ ಎಂಬ ಒಂದು ಮಾತನ್ನು ಎದುರಾಳಿಯ ಬಾಯಲ್ಲಿಟ್ಟು ಅದನ್ನೇ ಹೊಡೆದುರುಳಿಸುತ್ತಾರೆ. ಅದರ ಬದಲು ಜಾನ್ ಸ್ಟುವರ್ಟ್ ಮಿಲ್ 1868ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಮಾಡಿದ ಭಾಷಣವನ್ನು ಓದಿ. ವ್ಯಕ್ತಿಸ್ವಾತಂತ್ರ್ಯದ ದೊಡ್ಡ ದನಿಯಾಗಿದ್ದ ಮಿಲ್, ಘೋರ ಕೊಲೆಗಳಿಗೆ ಮರಣದಂಡನೆ ಇರಲಿ ಎಂದು ವಾದಿಸಿದರು. ಅದೂ ಕರುಣೆಯ ಹೆಸರಿನಲ್ಲಿ. ಬದುಕಿರುವಷ್ಟು ಕಾಲ ಕಲ್ಲುಗೋಡೆಯೊಳಗೆ ಹೂತಿಡುವುದು ಸಾವಿಗಿಂತ ಹೆಚ್ಚು ಕ್ರೂರ. ಆದರೆ ನೋಡುವವರಿಗೆ ಸಾವೇ ಹೆಚ್ಚು ಭಯ ಹುಟ್ಟಿಸುತ್ತದೆ. ಅನುಭವಿಸುವವನಿಗೆ ಕಡಿಮೆ ನೋವು, ಉಳಿದವರಿಗೆ ಹೆಚ್ಚು ಎಚ್ಚರಿಕೆ ಎಂದರು. ಅದಕ್ಕೂ ನೂರು ವರ್ಷ ಹಿಂದೆ, 1764ರಲ್ಲಿ, ಇಟಲಿಯ ಚೆಸಾರೆ ಬೆಕ್ಕಾರಿಯ ಹೇಳಿದ್ದು ಇದಕ್ಕೆ ಸರಿಯಾಗಿ ಉಲ್ಟಾ: ಕ್ಷಣದಲ್ಲಿ ಮುಗಿಯುವ ಸಾವಿಗಿಂತ ಕಣ್ಣೆದುರು ವರ್ಷಾನುಗಟ್ಟಲೆ ಮುಂದುವರಿಯುವ ಸೆರೆಯೇ ಜನರನ್ನು ತಡೆಯುತ್ತದೆ. ಈ ಇಬ್ಬರನ್ನು ಎದುರುಬದುರು ಕೂರಿಸಿದರೆ ಪ್ರಬಂಧಕ್ಕೆ ಜೀವ ಬರುತ್ತದೆ.

ಮಿಲ್ ತಮ್ಮ ವಾದದ ದುರ್ಬಲ ಜಾಗವನ್ನೂ ಮುಚ್ಚಿಡಲಿಲ್ಲ. ನಿರಪರಾಧಿಯನ್ನು ಕೊಂದರೆ ಆ ತಪ್ಪನ್ನು ತಿದ್ದಲಾಗದು ಎಂಬ ಆಕ್ಷೇಪಣೆಗೆ ತೂಕವಿದೆ ಎಂದು ಒಪ್ಪಿಕೊಂಡರು. ತಪ್ಪು ಮಾಡುವ ನ್ಯಾಯಾಲಯಗಳಿರುವ ಕಡೆ ಆ ಆಕ್ಷೇಪಣೆಗೆ ಉತ್ತರವಿಲ್ಲ, ಆದರೆ ಇಂಗ್ಲೆಂಡಿನ ವಿಚಾರಣೆಯ ಕ್ರಮ ಆರೋಪಿಗೆ ಅನುಕೂಲವಾಗಿಯೇ ಇದೆಯಾದ್ದರಿಂದ ಅಂಥ ತಪ್ಪು ಅಪರೂಪ ಎಂಬುದು ಅವರ ನಂಬಿಕೆ. ಅಂದರೆ ಮಿಲ್ ಅವರ ಇಡೀ ವಾದ ನ್ಯಾಯಾಲಯಗಳ ಮೇಲಿನ ಒಂದು ಭರವಸೆಯನ್ನು ಆಧರಿಸಿ ನಿಂತಿದೆ. ಆ ಭರವಸೆಗೆ ಪುರಾವೆ ಇದೆಯೇ? ಯಾವ ದೇಶದಲ್ಲಿ, ಯಾವ ಕಾಲದಲ್ಲಿ, ಎಷ್ಟು? ಈ ಸಲದ ಪ್ರಬಂಧಕ್ಕೆ ಇಷ್ಟೇ ಪ್ರಶ್ನೆ ಇಟ್ಟುಕೊಂಡು, ಒಂದು ದೇಶದ ಒಂದು ದಶಕದ ತೀರ್ಪುಗಳನ್ನು ತೆರೆದು ಕೂತುಕೊಳ್ಳಿ.

ನಮಸ್ಕಾರ.