ಬರೆ ಕುಸಿದ ಮೇಲೆ

ಕೇಳುಗರಿಗೆ ನಮಸ್ಕಾರ.

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಬರೆ, ಅಂದರೆ ಗುಡ್ಡದ ಇಳಿಜಾರು, ಕುಸಿದಾಗ ಸಾವಿರಾರು ಜನ ಉಟ್ಟ ಬಟ್ಟೆಯಲ್ಲೇ ಪರಿಹಾರ ಕೇಂದ್ರ ಸೇರಿದರು. ಅಕ್ಕಿ ಬಂತು, ಕಂಬಳಿ ಬಂತು, ಲಾರಿಗಟ್ಟಲೆ ಹಳೇ ಬಟ್ಟೆಯೂ ಬಂತು. ಮನಸ್ಸಿಗೆ ಬಿದ್ದ ಪೆಟ್ಟಿಗೆ ಏನು ಕೊಡಬೇಕು ಅನ್ನುವುದು ಮಾತ್ರ ನಮಗೆ ಅಷ್ಟಾಗಿ ಗೊತ್ತಿರುವುದಿಲ್ಲ. ನಾಳೆ ಅಂಥ ಕೇಂದ್ರಕ್ಕೆ ನೀವೇ ನೆರವಿಗೆ ಹೋದಿರಿ ಅಂತಿಟ್ಟುಕೊಳ್ಳಿ. ಏನು ಮಾಡುತ್ತೀರಿ?

ಮೊದಲು, ಮಾಡಬಾರದ್ದು. ನಡೆದದ್ದನ್ನು ಕೆದಕಿ ಕೇಳಬೇಡಿ. ‘ಎಲ್ಲಾ ಹೇಳಿಬಿಡಿ, ಮನಸ್ಸು ಹಗುರಾಗುತ್ತೆ’ ಅನ್ನುವುದನ್ನು ಒಂದು ಕಾಲದಲ್ಲಿ ತಜ್ಞರೂ ನಂಬಿದ್ದರು. ದುರಂತವಾದ ಕೆಲವೇ ದಿನಗಳಲ್ಲಿ ಸಂತ್ರಸ್ತರನ್ನು ಕೂರಿಸಿಕೊಂಡು ಪೂರ್ತಿ ಕಥೆ ಹೇಳಿಸುತ್ತಿದ್ದರು. ಆಮೇಲೆ ಅಧ್ಯಯನ ಮಾಡಿ ನೋಡಿದಾಗ ಅದರಿಂದ ಲಾಭ ಕಾಣಲಿಲ್ಲ. ಕೆಲವರಿಗೆ ತೊಂದರೆ ಜಾಸ್ತಿಯೇ ಆಗಿತ್ತು. ವಿಶ್ವ ಆರೋಗ್ಯ ಸಂಸ್ಥೆ ಈಗ ಅದು ಬೇಡ ಅನ್ನುತ್ತದೆ. ಮನೆ ಕಳೆದುಕೊಂಡ ಅಜ್ಜಿಯ ಬಾಯಿಗೆ ಮೈಕು ಹಿಡಿದು ‘ಈಗ ನಿಮಗೇನನ್ನಿಸ್ತಿದೆ?’ ಅಂತ ಕೇಳುವವರಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ, ಬಿಡಿ.

‘ಅಳಬೇಡಿ’, ‘ನಿಮ್ಮ ಜೀವವಾದರೂ ಉಳೀತಲ್ಲ’, ‘ಎಲ್ಲಾ ದೇವರಿಚ್ಛೆ’. ಈ ಮೂರೂ ಬೇಡ. ಹೇಳುವವರಿಗೆ ಸಮಾಧಾನ ಆಗಬಹುದು, ಕೇಳುವವರಿಗೆ ಆಗುವುದಿಲ್ಲ. ಅದಕ್ಕಿಂತ ‘ಊಟ ಆಯ್ತಾ?’ ಅನ್ನುವುದು ಎಷ್ಟೋ ಒಳ್ಳೆಯ ಪ್ರಶ್ನೆ. ಅವರಾಗಿಯೇ ಮಾತು ತೆಗೆದರೆ ಕೂತು ಕೇಳಿ. ತೆಗೆಯದಿದ್ದರೆ ಸುಮ್ನೆ ಜೊತೆಗಿರಿ.

ಇದಕ್ಕೆ ಡಾಕ್ಟರೇ ಬೇಕಾ? ಬೇಡ. ಬೆಂಗಳೂರಿನ ನಿಮ್ಹಾನ್ಸ್‌ನವರು ಹಲವು ದುರಂತಗಳಲ್ಲಿ ಕೆಲಸ ಮಾಡಿ ಕಂಡುಕೊಂಡ ಮಾತಿದು. 1981ರಲ್ಲಿ ನಮ್ಮ ಬೆಂಗಳೂರಿನಲ್ಲೇ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಮಕ್ಕಳೇ ಬಹಳ. ಆಗ ಮಕ್ಕಳನ್ನು ಕಳೆದುಕೊಂಡ ಮನೆಗಳಿಂದ ಶುರುವಾದ ಕೆಲಸ 1984ರ ಭೋಪಾಲ್, 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿವರೆಗೆ ಬೆಳೆಯಿತು. ಇಷ್ಟು ಜನಕ್ಕೆ ಮನೋವೈದ್ಯರನ್ನು ಎಲ್ಲಿಂದ ತರುವುದು? ಅದೇ ಊರಿನ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಯುವಕರಿಗೆ ತರಬೇತಿ ಕೊಡುವುದೇ ದಾರಿಯಾಯಿತು. ಊರಿನ ಭಾಷೆ ಬಲ್ಲವರು ಕೇಳಿದರೆ ಜನ ಮಾತಾಡುತ್ತಾರೆ, ಅಲ್ವಾ?

2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಜೊತೆಗಾರ ಸಂಸ್ಥೆಗಳು ಇಂಥ ನೆರವಿಗೆ ಒಂದು ಕೈಪಿಡಿ ತಂದವು. ನೋಡಿ, ಕೇಳಿಸಿಕೊಳ್ಳಿ, ಜೋಡಿಸಿ ಅನ್ನುವುದೇ ಅದರ ಸಾರ. ಮೊದಲೆರಡು ಕೇಳಿದ ತಕ್ಷಣ ಅರ್ಥವಾಗುತ್ತವೆ. ನನ್ನ ಪ್ರಕಾರ ಮುಖ್ಯ ಕೆಲಸ ಇರುವುದು ಮೂರನೆಯದರಲ್ಲಿ, ಅಂದರೆ ಬೇಕಾದ ನೆರವಿನ ಜೊತೆ, ತಮ್ಮವರ ಜೊತೆ ಜನರನ್ನು ಜೋಡಿಸುವುದರಲ್ಲಿ. ಕಾಫಿ ತೋಟದ ಲೈನ್ ಮನೆಯಲ್ಲಿದ್ದ ಕೂಲಿಯವರನ್ನೇ ತೆಗೆದುಕೊಳ್ಳಿ. ಆ ಮನೆ ತೋಟದ ಮಾಲೀಕರದ್ದು. ಅದು ಮಣ್ಣುಪಾಲಾದರೆ ‘ನನ್ನದು ಹೋಯಿತು’ ಅಂತ ತೋರಿಸಲು ಇವರ ಹತ್ತಿರ ಪಹಣಿ ಇಲ್ಲ. ಆಧಾರ್, ರೇಷನ್ ಕಾರ್ಡು, ಮಕ್ಕಳ ಅಂಕಪಟ್ಟಿ ಎಲ್ಲವೂ ಕೆಸರಿನಡಿ. ಇಂಥವರಿಗೆ ರಾತ್ರಿ ನಿದ್ದೆ ಬರದಿದ್ದರೆ ಅದನ್ನು ಬರೀ ಮಾನಸಿಕ ಸಮಸ್ಯೆ ಅಂತ ಬರೆದುಕೊಳ್ಳಬೇಡಿ. ಜೊತೆಗೆ ತಾಲೂಕು ಕಚೇರಿಗೆ ಹೋಗಿ, ಅರ್ಜಿ ತುಂಬಿಸಿ, ಸ್ವೀಕೃತಿ ಚೀಟಿ ಕೈಗೆ ಬರುವ ತನಕ ನಿಲ್ಲಿ. ಬೇರೆ ಕೇಂದ್ರದಲ್ಲಿರುವ ತಮ್ಮನಿಗೆ ಒಂದು ಫೋನ್ ಹಚ್ಚಿಕೊಡಿ. ಇದೂ ಮನಸ್ಸಿನ ಆರೈಕೆಯೇ.

ದೇಹವೇ ಸಿಗದವರ ದುಃಖ ಇನ್ನೊಂದು ಬಗೆಯದು. 2024ರ ಜುಲೈ 30ರಂದು ಕೇರಳದ ವಯನಾಡಿನಲ್ಲಿ ಗುಡ್ಡ ಕುಸಿದು ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದಾಗ ಗುರುತು ಸಿಗದ ದೇಹಗಳನ್ನು ಪುತ್ತುಮಲದಲ್ಲಿ ನಂಬರು ಹಾಕಿ ಹೂಳಿದರು. ಡಿಎನ್ಎ ಹೊಂದಿಕೆಯಾದ ಮೇಲೆ ಕೆಲವು ನಂಬರುಗಳು ಯಾರದೆಂದು ತಿಳಿಯಿತು. ಅಲ್ಲಿಯವರೆಗೆ ಮನೆಯವರು ಏನು ಮಾಡಬೇಕು? ತಿಥಿ ಮಾಡಿದರೆ ಬದುಕಿರಬಹುದಾದವರನ್ನು ಕೈಬಿಟ್ಟ ಹಾಗೆ. ಮಾಡದಿದ್ದರೆ ಸತ್ತವರಿಗೆ ಋಣ ತೀರಿಸದ ಹಾಗೆ. ಹೊರಗಿನವರು ಇಲ್ಲಿ ಅವಸರ ಮಾಡಬಾರದು. ಸುಳ್ಳು ಭರವಸೆಯೂ ಬೇಡ, ‘ಇನ್ನು ಬರಲ್ಲ, ಒಪ್ಪಿಕೊಳ್ಳಿ’ ಅನ್ನುವುದೂ ಬೇಡ. ಹುಡುಕಾಟ ಎಲ್ಲಿಗೆ ಬಂತು ಅನ್ನುವ ಖಚಿತ ಸುದ್ದಿಯನ್ನು ದಿನಾ ತಂದು ಹೇಳಿ. ಸುದ್ದಿ ಇಲ್ಲದಿದ್ದರೆ ಇಲ್ಲ ಅಂತಲೇ ಹೇಳಿ.

ಮಕ್ಕಳು ಗುಡ್ಡ ಕುಸಿಯುವ ಆಟ ಆಡಿದರೆ ಗದರಬೇಡಿ, ಅವರು ಅರ್ಥ ಮಾಡಿಕೊಳ್ಳುವ ರೀತಿ ಅದು. ಹಾಸಿಗೆ ಒದ್ದೆ ಮಾಡಿದರೂ ಬೈಯಬೇಡಿ. ಶಾಲೆ ಬೇಗ ಶುರುವಾದಷ್ಟೂ ಒಳ್ಳೆಯದು.

ಬೆಚ್ಚಿಬೀಳುವುದು, ನಿದ್ದೆ ಕೆಡುವುದು, ಸಿಟ್ಟು, ಇವೆಲ್ಲ ಮೊದಲ ವಾರಗಳಲ್ಲಿ ಸಹಜ. ಹೆಚ್ಚಿನವರು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಆ ಹೊತ್ತಿಗೇ ನಿದ್ದೆ ಮಾತ್ರೆ ಹಂಚುವುದು ತಪ್ಪು. ಆದರೆ ತಿಂಗಳು ಕಳೆದರೂ ಅದೇ ದೃಶ್ಯ ಕಣ್ಣಿಗೆ ಕಟ್ಟುತ್ತಿದ್ದರೆ, ಕುಡಿತ ಏರಿದರೆ, ಕೆಲಸಕ್ಕೆ ಏಳಲು ಆಗದಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸತ್ತವರನ್ನು ನೆನೆದು ‘ನಾನೂ ಅವರ ಜೊತೆ ಹೋಗಬೇಕಿತ್ತು’ ಅಂದರೆ ತಿಂಗಳು ಕಾಯಬೇಡಿ, ಅವತ್ತೇ ಹೊರಡಿ. ಒಬ್ಬರನ್ನೇ ಬಿಡಬೇಡಿ.

ನೆರವಿನ ಲಾರಿಗಳು ನಿಂತ ಮೇಲೂ ಜೂನ್ ಬರುತ್ತದೆ. ಮಳೆ ಜೋರಾದರೆ ಹಳೆಯ ಭಯ ಮತ್ತೆ ಏಳುತ್ತದೆ. ಪರಿಚಯವಾದವರಿಗೆ ಆಗ ಒಂದು ಫೋನ್ ಮಾಡಿ. ನೀವೇ ಆ ಭಯದಲ್ಲಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಬಹುದು. ಬರೆದುಕೊಳ್ಳಿ: ಒಂದು, ನಾಲ್ಕು, ನಾಲ್ಕು, ಒಂದು, ಆರು. ಇನ್ನೊಮ್ಮೆ ಹೇಳುತ್ತೇನೆ, 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಮಸ್ಕಾರ.