ಅಂಗಡಿಯವನು ಕೇಳಬೇಕು, ನೆರೆಯವನು ಕೇಳಬೇಕಿಲ್ಲ: ಅಮೆರಿಕದ ಬಂದೂಕಿನ ಜಗಳ

[ದೃಶ್ಯ: ಗಾಜಿನ ಕೌಂಟರಿನ ಮೇಲೆ ಒಂದು ಅರ್ಜಿ, ಪಕ್ಕದಲ್ಲಿ ಪೆನ್ನು]

ನಮಸ್ಕಾರ. ಅಮೆರಿಕದಲ್ಲಿ ಅಂಗಡಿಗೆ ಹೋಗಿ ಬಂದೂಕು ಕೊಳ್ಳುವವರು ಮೊದಲು ತುಂಬಬೇಕಾದ ಅರ್ಜಿ ಇದು, ಸಂಖ್ಯೆ 4473. ಗಂಭೀರ ಅಪರಾಧದಲ್ಲಿ ಶಿಕ್ಷೆಯಾಗಿದೆಯೇ? ಮಾದಕ ವಸ್ತುವಿನ ಚಟವಿದೆಯೇ? ಸಾಲುಸಾಲು ಪ್ರಶ್ನೆಗಳು. ಆಮೇಲೆ ಎಫ್‌ಬಿಐ ಅಥವಾ ರಾಜ್ಯದ ಇಲಾಖೆ ಪೂರ್ವಾಪರ ನೋಡುತ್ತದೆ. ಬಹಳಷ್ಟು ಸಲ ಉತ್ತರ ಬರಲು ಕೆಲವು ನಿಮಿಷ ಸಾಕು. 1993ರ ಬ್ರೇಡಿ ಕಾಯ್ದೆಯ ಫಲ ಇದು. ಈಗಿನ ಕಂಪ್ಯೂಟರ್ ವ್ಯವಸ್ಥೆ 1998ರದು.

ಅದೇ ಬಂದೂಕನ್ನು ಅದೇ ರಾಜ್ಯದ ನೆರೆಯವನಿಂದ ಕೊಂಡರೆ? ಕೇಂದ್ರದ ಕಾನೂನಿನ ಪ್ರಕಾರ ಅರ್ಜಿಯೂ ಇಲ್ಲ, ತಪಾಸಣೆಯೂ ಇಲ್ಲ. ಆ ನಿಯಮ ಕಟ್ಟಿಹಾಕುವುದು ಪರವಾನಗಿ ಪಡೆದ ವ್ಯಾಪಾರಿಯನ್ನು ಮಾತ್ರ. ಕ್ಯಾಲಿಫೋರ್ನಿಯದಂತಹ ಕೆಲವು ರಾಜ್ಯಗಳು ತಾವೇ ಕಾನೂನು ಮಾಡಿಕೊಂಡು ಈ ಕಿಂಡಿಯನ್ನು ಮುಚ್ಚಿವೆ.

[ದೃಶ್ಯ: ಟೆಕ್ಸಾಸ್ ನಕ್ಷೆ, ಒಡೆಸ್ಸಾ ಮತ್ತು ಮಿಡ್‌ಲ್ಯಾಂಡ್]

2014ರಲ್ಲಿ ಇಲ್ಲಿನ ಒಬ್ಬನಿಗೆ ತಪಾಸಣೆಯಲ್ಲಿ ಬಂದೂಕು ನಿರಾಕರಿಸಲಾಯಿತು. ಅವನು ಖಾಸಗಿ ವ್ಯಕ್ತಿಯೊಬ್ಬನಿಂದ ರೈಫಲ್ ಕೊಂಡ. 2019ರ ಆಗಸ್ಟ್ 31ರಂದು ಅದೇ ರೈಫಲಿನಿಂದ ಏಳು ಜನರನ್ನು ಕೊಂದ. ಮಾರಿದವನಿಗೆ ಎರಡು ವರ್ಷ ಜೈಲಾಯಿತು. ಆರೋಪ ಏನು ಗೊತ್ತೇ? ಪೂರ್ವಾಪರ ವಿಚಾರಿಸಲಿಲ್ಲ ಎಂದಲ್ಲ, ಪರವಾನಗಿಯಿಲ್ಲದೆ ವ್ಯಾಪಾರ ನಡೆಸಿದ ಎಂದು!

ಹಾಗಾದರೆ ಎಲ್ಲ ಮಾರಾಟಕ್ಕೂ ತಪಾಸಣೆ ಏಕಿಲ್ಲ? ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು ಸತ್ತ ನಾಲ್ಕೇ ತಿಂಗಳಿಗೆ, 2013ರ ಏಪ್ರಿಲ್‌ನಲ್ಲಿ, ಬಂದೂಕು ಮೇಳಗಳ ಮತ್ತು ಆನ್‌ಲೈನ್ ಜಾಹೀರಾತಿನ ಮಾರಾಟಗಳಿಗೆ ಇದನ್ನು ವಿಸ್ತರಿಸುವ ಮಸೂದೆ ಸೆನೆಟ್‌ಗೆ ಬಂತು. ಬೇಕಿದ್ದದ್ದು 60 ಮತ, ಸಿಕ್ಕಿದ್ದು 54.

ವಿರೋಧಿಗಳು ಹೇಳುವುದು ಎರಡು ಮಾತು. ಕಳ್ಳ ಅರ್ಜಿ ತುಂಬಲು ಬರುವುದಿಲ್ಲ ಎನ್ನುವುದು ಒಂದು. ನನಗೆ ಇದು ಸವಕಲು ವಾದ. ಎರಡನೆಯದರಲ್ಲಿ ತಿರುಳಿದೆ: ಪ್ರತಿ ಮಾರಾಟಕ್ಕೂ ಲೆಕ್ಕವಿಟ್ಟರೆ ನಾಳೆ ಯಾರ ಮನೆಯಲ್ಲಿ ಬಂದೂಕಿದೆ ಎಂಬ ಪಟ್ಟಿ ಸರ್ಕಾರದ ಕೈಗೆ ಸಿಗುತ್ತದೆ. ಅಂತಹ ಪಟ್ಟಿಯನ್ನು 1986ರ ಕಾನೂನು ನಿಷೇಧಿಸಿದೆ. ಒಪ್ಪಿಗೆ ಸಿಕ್ಕವರ ವಿವರವನ್ನು ಎಫ್‌ಬಿಐ 24 ಗಂಟೆಯೊಳಗೆ ಅಳಿಸಬೇಕು. ಬಾಗಿಲು ಮುಚ್ಚಿದ ಅಂಗಡಿಗಳ ಕಡತಗಳೆಲ್ಲ ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನಲ್ಲಿರುವ ಸರ್ಕಾರಿ ಕೇಂದ್ರ ಸೇರುತ್ತವೆ. ಅವುಗಳನ್ನು ಸ್ಕ್ಯಾನ್ ಮಾಡಿಡುತ್ತಾರೆ, ಆದರೆ ಹೆಸರು ಹಾಕಿ ಹುಡುಕುವಂತಿಲ್ಲ! ಸಿಬ್ಬಂದಿ ಒಂದೊಂದೇ ಪುಟ ನೋಡಬೇಕು.

ಪೇಚು ಇರುವುದು ಇಲ್ಲೇ. ಲೆಕ್ಕವಿಲ್ಲದಿದ್ದರೆ ಈ ಬಂದೂಕನ್ನು ಯಾರು ಯಾರಿಗೆ, ಯಾವಾಗ ಮಾರಿದರು ಎಂದು ಸಾಬೀತು ಮಾಡುವುದು ಹೇಗೆ? ಲೆಕ್ಕವಿಟ್ಟರೆ ಮಸೂದೆಯೇ ಬೀಳುತ್ತದೆ.

[ದೃಶ್ಯ: ನೆವಾಡದ ಮತಪತ್ರ]

ಖಾಸಗಿ ಮಾರಾಟಕ್ಕೂ ತಪಾಸಣೆ ಬೇಕೆಂಬ ಕಾನೂನಿಗೆ ನೆವಾಡ ರಾಜ್ಯದ ಮತದಾರರು 2016ರಲ್ಲಿ ಕೂದಲೆಳೆಯ ಅಂತರದಲ್ಲಿ ಹೂಂ ಎಂದರು. ಆ ತಪಾಸಣೆಯನ್ನು ಎಫ್‌ಬಿಐ ಮಾಡಬೇಕೆಂದು ಅದರಲ್ಲಿ ಬರೆದಿತ್ತು. ಎಫ್‌ಬಿಐ ಒಲ್ಲೆ ಎಂದಿತು. 2019ರಲ್ಲಿ ಶಾಸಕರು ತಿದ್ದಿ ಹೊಸ ಕಾನೂನು ಮಾಡುವವರೆಗೂ ಅದು ಕಾಗದದಲ್ಲೇ ಉಳಿಯಿತು.

2022ರಲ್ಲಿ ಸಂಸತ್ತು ಸುತ್ತು ಹಾದಿ ಹಿಡಿದು, ವ್ಯಾಪಾರಿ ಯಾರು ಎಂಬ ವ್ಯಾಖ್ಯೆಯನ್ನೇ ಹಿಗ್ಗಿಸಿತು. ಮುಖ್ಯವಾಗಿ ಲಾಭಕ್ಕೆಂದು ಪದೇ ಪದೇ ಮಾರುವವನು ಈಗ ಪರವಾನಗಿ ಪಡೆಯಬೇಕು. ರಾಜ್ಯದ ಕಾನೂನು ಅಡ್ಡ ಬಾರದಿದ್ದರೆ, ಇರುವ ಒಂದೇ ಬಂದೂಕನ್ನು ಮಾರುವ ನೆರೆಯವನು ಈಗಲೂ ಆ 4473 ಅರ್ಜಿಯನ್ನು ಮುಟ್ಟಬೇಕಿಲ್ಲ.