ಕರೆಂಟು ಹೋದ ಜಾಗ

ಈ ವಿಡಿಯೋದಲ್ಲಿ ಈ ಸದ್ದು ಕೇಳಿಸುತ್ತಿದೆಯಲ್ಲ, ಇದು ನಮ್ಮ ಹಂಚಿನ ಮಾಡಿನ ಮೇಲೆ ಸುರಿಯುತ್ತಿರುವ ಪುನರ್ವಸು ಮಳೆ. ಊರು ತೀರ್ಥಹಳ್ಳಿಯ ಹತ್ತಿರ. ಜಗಲಿಯ ಮೇಜಿನ ಮೇಲೆ ಪಕ್ಕದ ತಗಡು ಬಿಚ್ಚಿಸಿಕೊಂಡು ಮಲಗಿರುವುದು ಅಪ್ಪಯ್ಯನ ಕಂಪ್ಯೂಟರ್. 2012ರಲ್ಲಿ ಶಿವಮೊಗ್ಗದಲ್ಲಿ ಕೊಂಡದ್ದು. ಅಂದಿನಿಂದ ಮನೆಯ ಅಡಿಕೆ ಲೆಕ್ಕವೆಲ್ಲ ಇದರೊಳಗಿದೆ. ಅಡಿಕೆಯ ದರ್ಜೆಗಳಲ್ಲಿ ಸರಕು ಎಷ್ಟು, ಬೆಟ್ಟೆ ಎಷ್ಟು, ರಾಶಿ ಇಡಿ ಎಷ್ಟು, ಗೊರಬಲು ಎಷ್ಟು, ಗೊನೆ ಕೊಯ್ಯುವ ಕೊನೆಗಾರರಿಗೆ ಕೊಟ್ಟ ಕೂಲಿ, ಮೈಲುತುತ್ತ ತಂದ ದಿನ, ಎಲ್ಲವನ್ನೂ ಅಪ್ಪಯ್ಯ ನುಡಿ ತಂತ್ರಾಂಶದಲ್ಲಿ ಒಂದೇ ಬೆರಳಿನಿಂದ ಒತ್ತಿ ಒತ್ತಿ ಬರೆದಿಟ್ಟಿದ್ದಾರೆ.

ಇದನ್ನು ಕೆಡಿಸಿದವನು ನಾನು.

ಇದರ ಮದರ್‌ಬೋರ್ಡ್ ಎಚ್61 ಚಿಪ್‌ಸೆಟ್‌ನದು, ಪ್ರೊಸೆಸರ್ ಇಂಟೆಲ್‌ನ ಎರಡನೆಯ ತಲೆಮಾರಿನ ಐ3. ಶಿವಮೊಗ್ಗದ ಗೆಳೆಯನೊಬ್ಬ ತನ್ನಲ್ಲಿ ಸುಮ್ಮನೆ ಬಿದ್ದಿದ್ದ ಐ5-3470 ಕೊಟ್ಟ. ಅದು ಮೂರನೆಯ ತಲೆಮಾರಿನದು. ಎರಡೂ ಕೂರುವುದು ಎಲ್‌ಜಿಎ 1155 ಸಾಕೆಟ್‌ನಲ್ಲೇ. ಆದರೆ ಮೂರನೆಯ ತಲೆಮಾರು ಬಂದದ್ದು 2012ರ ಏಪ್ರಿಲ್‌ನಲ್ಲಿ. ಬಯೋಸ್ ಎಂದರೆ ಗುಂಡಿ ಒತ್ತಿದ ಕೂಡಲೇ ಮೊದಲು ಓಡುವ, ಬೋರ್ಡ್‌ನ ಚಿಪ್‌ನಲ್ಲೇ ಬರೆದಿಟ್ಟ ತಂತ್ರಾಂಶ. ಅದಕ್ಕೂ ಮೊದಲೇ ಬರೆದ ಬಯೋಸ್‌ಗೆ ಸಾಮಾನ್ಯವಾಗಿ ಆ ಪ್ರೊಸೆಸರ್‌ನ ಗುರುತು ಹತ್ತುವುದಿಲ್ಲ. ಹಾಗಾಗಿ ಬಯೋಸ್ ಅಪ್‌ಡೇಟ್ ಮಾಡಲು ಕುಳಿತೆ, ಆಷಾಢದ ಮಧ್ಯಾಹ್ನ, ಬ್ಯಾಟರಿ ಸೋತಿದ್ದ ಯುಪಿಎಸ್ ನಂಬಿಕೊಂಡು. ಪರದೆಯ ಮೇಲಿನ ಗೆರೆ ಮುಕ್ಕಾಲು ಭಾಗ ದಾಟಿತ್ತು. ಎಲ್ಲೋ ಲೈನ್ ಮೇಲೆ ಮರ ಬಿತ್ತು, ಕರೆಂಟು ಹೋಯಿತು, ಅದರ ಹಿಂದೆಯೇ ಯುಪಿಎಸ್ ಕೂಡ ಹೋಯಿತು.

ಸಂಜೆ ಕರೆಂಟು ಬಂದ ಮೇಲೆ ಗುಂಡಿ ಒತ್ತಿದರೆ ಫ್ಯಾನ್ ತಿರುಗುತ್ತದೆ, ಅಷ್ಟೇ. ಬೀಪ್ ಇಲ್ಲ, ಪರದೆಯಲ್ಲಿ ಬೆಳಕಿಲ್ಲ. ಅಪ್ಪಯ್ಯ ಬಾಗಿಲಲ್ಲಿ ನಿಂತು "ಎಂತ ಆಯಿತು?" ಎಂದರು. "ಲೆಕ್ಕ ಹೋಗಿಲ್ಲ ಅಪ್ಪಯ್ಯ, ಲೆಕ್ಕ ಇರುವುದು ಹಾರ್ಡ್ ಡಿಸ್ಕ್‌ನಲ್ಲಿ" ಎಂದೆ. ಅದು ನಿಜವೇ. ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದರೆ ಕಡತಗಳು ಸಿಗುತ್ತಿದ್ದವು. ಆದರೆ ಅವರು ಲೆಕ್ಕದ ಬಗ್ಗೆ ಮಾತ್ರ ಕೇಳಿರಲಿಲ್ಲ.

ಮಾರನೆಯ ದಿನ ಬೋರ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಶಿವಮೊಗ್ಗದ ಬಸ್ ಹತ್ತಿದೆ. ಕಿಟಕಿಯಾಚೆ ಕಾಣುತ್ತಿರುವುದು ಮಂಡಗದ್ದೆ. ತುಂಗೆ ಕೆಂಪಾಗಿ ತುಂಬಿ ಹರಿಯುತ್ತಿದ್ದಾಳೆ, ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟುತ್ತಿವೆ. ಅಂಗಡಿಯವರು ಬೋರ್ಡ್ ನೋಡಿದ್ದು ಎರಡು ನಿಮಿಷ. "ಬೋರ್ಡ್ ಸತ್ತಿದೆ ಸರ್, ಹೊಸ ಸೆಟ್ ತೆಗೆದುಕೊಂಡುಬಿಡಿ" ಎಂದರು. ಈ ಮಾತನ್ನು ನಾನು ಒಪ್ಪುವುದಿಲ್ಲ, ಈ ವಿಡಿಯೋ ಮಾಡುತ್ತಿರುವುದೇ ಅದಕ್ಕಾಗಿ. ಕೆಪಾಸಿಟರ್ ಉಬ್ಬಿಲ್ಲ, ಸಿಡಿಲು ಬಡಿದಿಲ್ಲ, ಸುಟ್ಟ ವಾಸನೆ ಇಲ್ಲ. ಕಳೆದುಹೋಗಿರುವುದು ಒಂದು ಸಣ್ಣ ಚಿಪ್‌ನಲ್ಲಿ ಬರೆದಿದ್ದ ಬರಹದ ಒಂದು ಭಾಗ. ಅಳಿಸಿಹೋದದ್ದನ್ನು ಮತ್ತೆ ಬರೆಯಬಹುದು.

ಮೊದಲು ಸುಲಭದ ದಾರಿಗಳನ್ನೇ ನೋಡಿದೆ. ಬೋರ್ಡ್ ಮೇಲಿನ ಸಿಆರ್2032 ಸೆಲ್ ತೆಗೆದು, ಸೆಟ್ಟಿಂಗ್‌ಗಳನ್ನು ನೆನಪಿಡುವ ಸೀಮಾಸ್ ಅಳಿಸಿದೆ. ಇದರಿಂದ ಸೆಟ್ಟಿಂಗ್‌ಗಳು ಅಳಿಯುತ್ತವೆಯೇ ಹೊರತು ಕೆಟ್ಟ ಬಯೋಸ್ ಸರಿಯಾಗುವುದಿಲ್ಲ, ಆದರೂ ಎರಡು ನಿಮಿಷದ ಕೆಲಸ. ಆಮೇಲೆ ಪೆನ್‌ಡ್ರೈವ್. ಅನೇಕ ಹಳೆಯ ಬೋರ್ಡ್‌ಗಳಲ್ಲಿ ಬೂಟ್ ಬ್ಲಾಕ್ ಎಂಬ ಪುಟ್ಟ ಭಾಗವಿರುತ್ತದೆ. ಉಳಿದದ್ದೆಲ್ಲ ಕೆಟ್ಟರೂ ಅದೊಂದು ಉಳಿದಿದ್ದರೆ ಪೆನ್‌ಡ್ರೈವ್‌ನಿಂದ ಬಯೋಸ್ ಕಡತವನ್ನು ತಾನೇ ಓದಿಕೊಳ್ಳುತ್ತದೆ. ಎಎಂಐ ಕಂಪನಿಯ ಬಯೋಸ್ ಆದರೆ ಕಂಟ್ರೋಲ್ ಮತ್ತು ಹೋಮ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವ ಪದ್ಧತಿ ಇದೆ. ಪೆನ್‌ಡ್ರೈವನ್ನು ಫ್ಯಾಟ್32 ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿ, ಕೈಪಿಡಿಯಲ್ಲಿದ್ದ ಹೆಸರನ್ನೇ ಕಡತಕ್ಕೆ ಇಟ್ಟು ಕಾದೆ. ಪೆನ್‌ಡ್ರೈವ್‌ನ ದೀಪ ಒಮ್ಮೆಯೂ ಮಿನುಗಲಿಲ್ಲ. ಬೂಟ್ ಬ್ಲಾಕೂ ಹೋಗಿದೆ ಎಂದರ್ಥ.

ಉಳಿದದ್ದು ಚಿಪ್ಪನ್ನೇ ನೇರವಾಗಿ ಬರೆಯುವುದು. ಬೋರ್ಡ್‌ನ ಅಂಚಿನಲ್ಲಿ, ಎಂಟು ಕಾಲುಗಳ ಈ ಕಪ್ಪು ಚೌಕ ನೋಡಿ. ಮೇಲೆ 25ಕ್ಯೂ32 ಎಂದಿದೆ. 32 ಮೆಗಾಬಿಟ್, ಅಂದರೆ 4 ಮೆಗಾಬೈಟ್. ಮೊಬೈಲ್‌ನಲ್ಲಿ ತೆಗೆದ ಒಂದು ಫೋಟೋದಷ್ಟು. ಮೂಲೆಯಲ್ಲಿರುವ ಚುಕ್ಕೆ ಒಂದನೆಯ ಪಿನ್ನಿನ ಗುರುತು, ಚಿಪ್‌ನ ಕಾಲುಗಳನ್ನು ಕಚ್ಚಿ ಹಿಡಿಯುವ ಕ್ಲಿಪ್‌ನ ಕೆಂಪು ತಂತಿ ಆ ಕಡೆಗೇ ಬರಬೇಕು.

ಬರೆಯುವ ಸಾಧನ ಸಿಎಚ್341ಎ ಪ್ರೋಗ್ರಾಮರ್. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಅವಸರ ಮಾಡಿದ್ದರೆ ಚಿಪ್ಪನ್ನೂ ಕಳೆದುಕೊಳ್ಳುತ್ತಿದ್ದೆ. ಮೊದಲು ಗೆಳೆಯನ ಹತ್ತಿರವಿದ್ದ ಅಗ್ಗದ ಕಪ್ಪು ಪ್ರೋಗ್ರಾಮರ್ ತಂದಿದ್ದೆ. ಚಿಪ್‌ಗೆ ಸಿಕ್ಕಿಸುವ ಮುನ್ನ ಮಲ್ಟಿಮೀಟರ್ ಹಿಡಿದು ನೋಡಿದೆ. ಚಿಪ್‌ಗೆ ವಿದ್ಯುತ್ ಕೊಡುವ ಪಿನ್ನಿನಲ್ಲಿ 3.3 ವೋಲ್ಟ್ ಸರಿಯಾಗಿಯೇ ಇದೆ, ಆದರೆ ದತ್ತಾಂಶದ ಪಿನ್ನುಗಳಲ್ಲಿ 5 ವೋಲ್ಟ್! ಈ ಚಿಪ್ 3.3 ವೋಲ್ಟ್‌ನದು. ಅದನ್ನು ಹಿಂದಿರುಗಿಸಿ, ವೋಲ್ಟೇಜ್ ಬದಲಿಸುವ ಸ್ವಿಚ್ ಇರುವ ಇನ್ನೊಂದನ್ನು ತರಿಸಿಕೊಂಡೆ. ಕೊರಿಯರ್ ನಮ್ಮೂರು ತಲುಪಲು ಆರು ದಿನ ಬೇಕಾಯಿತು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ 1.8 ವೋಲ್ಟ್‌ನ ಚಿಪ್‌ಗಳೂ ಇರುತ್ತವೆ, ಸಂಖ್ಯೆ ಓದದೆ ಕ್ಲಿಪ್ ಹಾಕಬೇಡಿ.

ಪವರ್ ಕೇಬಲ್ ತೆಗೆದೆ, ಸೆಲ್ ತೆಗೆದೆ, ಕ್ಲಿಪ್ ಹಾಕಿದೆ. ಇನ್ನೊಂದು ತುದಿಯನ್ನು ಲಿನಕ್ಸ್ ಇರುವ ಲ್ಯಾಪ್‌ಟಾಪ್‌ಗೆ ಚುಚ್ಚಿದೆ. ಲ್ಯಾಪ್‌ಟಾಪ್‌ನ ಬ್ಯಾಟರಿ ಪೂರ್ತಿ ತುಂಬಿತ್ತು, ಈ ಸಲ ಯಾವ ಮರ ಬಿದ್ದರೂ ಸರಿ. ಬರೆಯುವ ಮೊದಲು ಓದಬೇಕು. ಈ ಮಾತನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು. ಹಲವು ಬೋರ್ಡ್‌ಗಳಲ್ಲಿ ನೆಟ್‌ವರ್ಕ್‌ನಲ್ಲಿ ಯಂತ್ರವನ್ನು ಗುರುತಿಸುವ ಮ್ಯಾಕ್ ವಿಳಾಸ, ಸರಣಿ ಸಂಖ್ಯೆ ಇದೇ ಚಿಪ್‌ನಲ್ಲಿರುತ್ತವೆ. ವಿಂಡೋಸ್ 8ರ ನಂತರದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಪರವಾನಗಿಯ ಕೀಲಿಯೂ ಅಲ್ಲೇ. ಮೇಲೆ ಬರೆದುಬಿಟ್ಟರೆ ಅವು ಮರಳಿ ಸಿಗುವುದಿಲ್ಲ.

ಫ್ಲ್ಯಾಶ್‌ರಾಮ್ ತಂತ್ರಾಂಶದಿಂದ ಎರಡು ಸಲ ಓದಿ ಎರಡೂ ಪ್ರತಿಗಳ ಚೆಕ್‌ಸಮ್, ಅಂದರೆ ಕಡತವಿಡೀ ಲೆಕ್ಕ ಹಾಕಿ ಬರುವ ಗುರುತಿನ ಸಂಖ್ಯೆ, ತೆಗೆದರೆ ಒಂದಕ್ಕೊಂದು ತಾಳೆಯಾಗಲಿಲ್ಲ. ಮತ್ತೊಮ್ಮೆ ಓದಿದರೆ ಮೂರನೆಯದೇ ಬೇರೆ. ಹನ್ನೆರಡು ಮಳೆಗಾಲದ ತೇವ, ಅಡಿಕೆ ಸುಲಿಯುವಾಗಿನ ಧೂಳು, ಒಲೆಯ ಹೊಗೆ, ಎಲ್ಲವೂ ಆ ಕಾಲುಗಳ ಮೇಲೆ ಕೂತಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒಂದೊಂದನ್ನೇ ಒರೆಸಿ, ಒಣಗಿಸಿ, ಕ್ಲಿಪ್ಪನ್ನು ನೇರವಾಗಿ ಕೂರಿಸಿದೆ. ಈಗ ಮೂರು ಸಲ ಓದಿದರೂ ಒಂದೇ ಉತ್ತರ.

ಆ ಕಡತವನ್ನು ತೆರೆದಾಗ ಕಂಡದ್ದು ಇದು. ಪರದೆ ನಿಧಾನವಾಗಿ ಕೆಳಗೆ ಸರಿಯುವುದನ್ನು ನೋಡಿ. ಒಂದು ಜಾಗದ ತನಕ ಅಂಕೆಗಳು ತುಂಬಿವೆ. ಅಲ್ಲಿಂದಾಚೆ ಬರೀ ಎಫ್ ಎಫ್, ಎಫ್ ಎಫ್, ಎಫ್ ಎಫ್. ಫ್ಲ್ಯಾಶ್ ಚಿಪ್‌ನ ಸ್ವಭಾವವೇ ಹಾಗೆ: ಬರೆಯುವಾಗ 1 ಇದ್ದ ಬಿಟ್ಟನ್ನು 0 ಮಾಡಬಲ್ಲದು, 0 ಇದ್ದದ್ದನ್ನು ಮತ್ತೆ 1 ಮಾಡಬೇಕೆಂದರೆ ಇಡೀ ಭಾಗವನ್ನು ಅಳಿಸಬೇಕು. ಅಳಿಸಿದ ಜಾಗದ ಬಿಟ್‌ಗಳೆಲ್ಲ 1, ಅದು ಎಫ್ ಎಫ್ ಆಗಿ ಕಾಣುತ್ತದೆ. ಅಂದರೆ ಅಳಿಸಿಯಾಗಿತ್ತು, ಬರೆಯುವುದು ಬಾಕಿ ಇತ್ತು, ಆ ಗಳಿಗೆಯಲ್ಲಿ ಕರೆಂಟು ಹೋಗಿದೆ. ವಿದ್ಯುತ್ ಸಿಕ್ಕ ಕೂಡಲೇ ಪ್ರೊಸೆಸರ್ ಮೊದಲು ಹುಡುಕುವ ಆದೇಶ ಬಯೋಸ್‌ನ ಕಟ್ಟಕಡೆಯ 16 ಬೈಟ್‌ಗಳಲ್ಲಿರುತ್ತದೆ. ಅಲ್ಲೇ ಖಾಲಿ. ಫ್ಯಾನ್ ತಿರುಗಿ ಸುಮ್ಮನಾಗುತ್ತಿದ್ದದ್ದು ಅದಕ್ಕೆ. ಆ ಗಡಿಯನ್ನು ನೋಡುತ್ತಾ ಬಹಳ ಹೊತ್ತು ಕುಳಿತಿದ್ದೆ. ಸತ್ತಿದೆ ಎಂದವರಿಗೆ ಇದನ್ನು ತೋರಿಸಬೇಕು ಅನ್ನಿಸಿತು.

ಬೋರ್ಡ್ ತಯಾರಕರ ಕಡತ ಸರಿಯಾಗಿ 41,94,304 ಬೈಟ್, ಚಿಪ್‌ನ ಅಳತೆಯೇ. ಕೆಲವರ ಕಡತಕ್ಕೆ ಮುಂದೆ ಒಂದು ತಲೆಬರಹ ಅಂಟಿಕೊಂಡು ಅಳತೆ ಹೆಚ್ಚಿರುತ್ತದೆ, ಅದನ್ನು ಕತ್ತರಿಸದೆ ಬರೆಯಬಾರದು. ಬೋರ್ಡ್ ಮೇಲಿನ ಚೀಟಿಯಲ್ಲಿದ್ದ ಮ್ಯಾಕ್ ವಿಳಾಸವನ್ನು ಹಳೆಯ ಪ್ರತಿಯಲ್ಲಿ ಹುಡುಕಿ, ಹೊಸ ಕಡತದ ಅದೇ ಜಾಗಕ್ಕೆ ನಕಲಿಸಿದೆ. ಆಮೇಲೆ ಬರೆಯುವ ಆದೇಶ ಕೊಟ್ಟೆ. ಅಳಿಸಿತು, ಬರೆಯಿತು, ಬರೆದದ್ದನ್ನು ಮತ್ತೆ ಓದಿ ತಾಳೆ ನೋಡಿ ಸರಿ ಇದೆ ಎಂದಿತು. ನಡುವೆ ನಿಜವಾಗಿಯೂ ಕರೆಂಟು ಹೋಗಿತ್ತು. ವಿಡಿಯೋ ಇದ್ದಕ್ಕಿದ್ದಂತೆ ಕಪ್ಪಾದದ್ದು ಅದರಿಂದಲೇ.

ಸೆಲ್, ರ್‍ಯಾಮ್, ಕೇಬಲ್ ಎಲ್ಲವನ್ನೂ ಹಾಕಿ ಗುಂಡಿ ಒತ್ತಿದೆ. ತಿರುಗಿತು, ಆರಿತು, ತಾನಾಗಿ ಮತ್ತೆ ಹೊತ್ತಿತು. ಆಮೇಲೆ ಈ ಬೀಪ್. ಅಡುಗೆಮನೆಯಿಂದ ಅಮ್ಮ ಓಡಿ ಬಂದರು.

ಆದರೆ ವಿಂಡೋಸ್ ಬರಲಿಲ್ಲ, ನೀಲಿ ಪರದೆ. ಬಯೋಸ್ ಹೊಸದಾದಾಗ ಸೆಟ್ಟಿಂಗ್‌ಗಳು ಮೂಲಕ್ಕೆ ಮರಳುತ್ತವೆ, ಹಾರ್ಡ್ ಡಿಸ್ಕ್ ಜೊತೆ ಮಾತಾಡುವ ಸಾಟಾ ವಿಧಾನ ಎಎಚ್‌ಸಿಐ ಇದ್ದದ್ದು ಐಡಿಇ ಆಗಿತ್ತು. ಅದನ್ನು ಮೊದಲಿನಂತೆ ಮಾಡಿ ದಿನಾಂಕ ತಿದ್ದಿದ ಮೇಲೆ ಅಪ್ಪಯ್ಯನ ಹಳೆಯ ಪರದೆ ಬಂತು. ಐ5 ಕೂರಿಸಿದ್ದು ಮಾರನೆಯ ದಿನ.

ಇದು ಈ ಬೆಳಗ್ಗೆ ತೆಗೆದದ್ದು. ಮಳೆ ಹೊಳವಾಗಿದೆ, ತೋಟದಲ್ಲಿ ಕೊಳೆರೋಗಕ್ಕೆ ಎರಡನೆಯ ಔಷಧಿ ಹೊಡೆಸುತ್ತಿದ್ದಾರೆ. ಅಪ್ಪಯ್ಯ ಕನ್ನಡಕ ಏರಿಸಿಕೊಂಡು ಮೇಜಿನ ಮುಂದೆ ಕುಳಿತಿದ್ದಾರೆ. ಹತ್ತು ದಿನದ ಲೆಕ್ಕವನ್ನು ಕ್ಯಾಲೆಂಡರ್ ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಂಡಿದ್ದರು. ಈಗ ಒಂದೊಂದೇ ಅಕ್ಷರ ಒತ್ತುತ್ತಿದ್ದಾರೆ. ಮೈಲುತುತ್ತ. ಸುಣ್ಣ. ಆಳು, ಇಬ್ಬರು.